ಓದುಗರ ಪ್ರಶ್ನೆ, ವಾಸ್ತುಶಿಲ್ಪಿಯ ಉತ್ತರ: ಗುಡ್ಡದ ಇಳಿಜಾರಿನಲ್ಲಿ ತಂಪಾದ ಮನೆ

ಪುಣೆ, ಮುಂಬಯಿ ಮತ್ತು ಗೋವೆಯಲ್ಲಿ ನೆಲೆಸಿರುವ ನಮ್ಮ ಓದುಗರಲ್ಲಿ ಅನೇಕರು ಫ್ಲ್ಯಾಟಿನಿಂದ ಹೊರಬಂದು ಸಹ್ಯಾದ್ರಿಯ ಇಳಿಜಾರಿನಲ್ಲಿ ಸ್ವಂತ ಮನೆ ಕಟ್ಟಿಕೊಳ್ಳುವ ಆಲೋಚನೆಯಲ್ಲಿದ್ದಾರೆ ಎಂಬುದು ಈ ತಿಂಗಳ ಪತ್ರಗಳಿಂದ ತಿಳಿಯುತ್ತದೆ. ಎಲ್ಲರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ: ಕರೆಂಟಿನ ಖರ್ಚು ಮಿತಿಯಲ್ಲಿರಬೇಕು, ಮನೆ ಈಗಿನ ಕಾಲಕ್ಕೆ ತಕ್ಕಂತಿರಬೇಕು, ಸೆಕೆಗೂ ಮಳೆಗೂ ತಡೆಯಬೇಕು. ಆರು ಪತ್ರಗಳನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಪುಣೆಯ ಸುತ್ತಮುತ್ತ ಗುಡ್ಡದ ಮೇಲೆ ನಿವೇಶನ ನೋಡುತ್ತಿದ್ದೇವೆ. ದಲ್ಲಾಳಿಗಳು ತೋರಿಸಿದ್ದೆಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಹಣ ಕೊಡುವ ಮೊದಲು ಏನೇನು ನೋಡಬೇಕು?
– ಓದುಗರೊಬ್ಬರು, ಚಿಂಚವಾಡ

ಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಗುಡ್ಡದ ಮನೆ ಮುಂದೆ ಎಷ್ಟು ವಿದ್ಯುತ್ತನ್ನು ಬೇಡುತ್ತದೆ, ಎಷ್ಟು ದುರಸ್ತಿಯನ್ನು ಬೇಡುತ್ತದೆ ಎಂಬುದು ಬಹುಮಟ್ಟಿಗೆ ಜಾಗದ ಆಯ್ಕೆಯಲ್ಲೇ ತೀರ್ಮಾನವಾಗಿರುತ್ತದೆ. ನಕ್ಷೆ ಬರೆಯುವ ನನ್ನಂಥವರು ಆಮೇಲೆ ಮಾಡಬಹುದಾದದ್ದು ಅದರೊಳಗಿನ ಹೊಂದಾಣಿಕೆ ಮಾತ್ರ.

ಮೊದಲು ಇಳಿಜಾರನ್ನು ನೀವೇ ಅಳೆಯಿರಿ. ಹತ್ತು ಅಡಿ ಉದ್ದದ ನೆಟ್ಟನೆಯ ಅಲ್ಯೂಮಿನಿಯಂ ಪಟ್ಟಿ, ಗವಂಡಿಯ ಕೈಯಲ್ಲಿರುವ ರಸಮಟ್ಟ ಮತ್ತು ಒಂದು ಟೇಪು ಇದ್ದರೆ ಸಾಕು. ಪಟ್ಟಿಯ ಒಂದು ತುದಿಯನ್ನು ಮೇಲ್ಗಡೆಯ ನೆಲಕ್ಕೆ ತಾಗಿಸಿ, ರಸಮಟ್ಟದ ಗುಳ್ಳೆ ನಡುಗೆರೆಗೆ ಬರುವವರೆಗೆ ಕೆಳಗಡೆಯ ತುದಿಯನ್ನು ಎತ್ತಿ ಹಿಡಿದು, ಅಲ್ಲಿಂದ ನೆಲಕ್ಕೆ ಎಷ್ಟು ಅಂತರವಿದೆಯೆಂದು ನೋಡಿರಿ. ಎರಡು ಅಡಿ ಬಂದರೆ ಇಳಿಜಾರು 1:5 ಎಂದರ್ಥ. ಮಹಾರಾಷ್ಟ್ರದಲ್ಲಿ 2020ರಲ್ಲಿ ಜಾರಿಗೆ ಬಂದ ಏಕೀಕೃತ ಕಟ್ಟಡ ನಿಯಮಗಳಂತೆ ಅದಕ್ಕಿಂತ ಕಡಿದಾದ ನೆಲದಲ್ಲಿ ಸಾಮಾನ್ಯವಾಗಿ ನಿರ್ಮಾಣಕ್ಕೆ ಅನುಮತಿ ದೊರೆಯುವುದಿಲ್ಲ. ಸಾತ್‌ಬಾರಾ ಉತಾರೆ, ಅಂದರೆ ಜಮೀನಿನ ಒಡೆತನದ ಕಂದಾಯ ದಾಖಲೆ, ಶುದ್ಧವಾಗಿದೆ ಎಂಬುದಷ್ಟರಿಂದಲೇ ಅಲ್ಲಿ ಮನೆ ಕಟ್ಟಬಹುದು ಎಂದಾಗುವುದಿಲ್ಲ. ಆ ಜಾಗ ಯಾವ ವಲಯದಲ್ಲಿದೆ ಎಂಬ ದಾಖಲೆಯನ್ನೂ ಕೇಳಿ ಪಡೆಯಿರಿ. ಮಹಾಬಳೇಶ್ವರ–ಪಂಚಗಣಿ 2001ರಿಂದ, ಮಾಥೇರಾನ್ 2003ರಿಂದ ಪರಿಸರ ಸೂಕ್ಷ್ಮ ಪ್ರದೇಶಗಳೆಂದು ಘೋಷಿತವಾಗಿವೆ. ಅಲ್ಲಿಯ ನಿರ್ಬಂಧಗಳು ಇನ್ನೂ ಬಿಗಿ.

ಎರಡನೆಯದಾಗಿ, ಜಾಗವನ್ನು ಜುಲೈ ತಿಂಗಳಲ್ಲಿ ಒಮ್ಮೆ ನೋಡದೆ ಮುಂಗಡ ಕೊಡಬೇಡಿ. ದಲ್ಲಾಳಿಗಳು ಜನವರಿಯಲ್ಲಿ ತೋರಿಸುತ್ತಾರೆ, ಗುಡ್ಡ ತನ್ನ ನೀರಿನ ದಾರಿಯನ್ನು ಜುಲೈಯಲ್ಲಿ ತೋರಿಸುತ್ತದೆ. ಹುಲ್ಲು ಒಂದೇ ದಿಕ್ಕಿಗೆ ಮಲಗಿದೆಯೇ, ಮರಗಳ ಬುಡ ಇಳಿಜಾರಿನ ಕಡೆಗೆ ಬಾಗಿ ಮೇಲಕ್ಕೆ ಮತ್ತೆ ನೆಟ್ಟಗಾಗಿವೆಯೇ ಎಂದು ಗಮನಿಸಿರಿ. ಬುಡ ಬಾಗಿದ್ದರೆ ಅಲ್ಲಿಯ ಮಣ್ಣು ವರ್ಷವರ್ಷಕ್ಕೂ ಸ್ವಲ್ಪ ಸ್ವಲ್ಪ ಜರುಗುತ್ತಿರುವ ಸಾಧ್ಯತೆಯಿದೆ. 2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಆಂಬೇಗಾಂವ್ ತಾಲೂಕಿನ ಮಾಳೀಣ್ ಗ್ರಾಮದ ಮೇಲೆ ಗುಡ್ಡ ಕುಸಿದು ಸುಮಾರು 150 ಜನ ಮಣ್ಣಿನಡಿ ಸತ್ತರು. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯಲ್ಲಿ ಹಾಗೆಯೇ ಆಯಿತು. ಮೇಲಿನ ಗುಡ್ಡದಲ್ಲಿ ಬಿರುಕು, ಹೊಸದಾಗಿ ಕಡಿದ ರಸ್ತೆ, ಬೋಳಾದ ನೆಲ ಕಂಡರೆ ಆ ಜಾಗವನ್ನು ಬಿಟ್ಟುಬಿಡಿ, ಎಷ್ಟೇ ಅಗ್ಗವಿರಲಿ.

ಆಯ್ಕೆಗೆ ಅವಕಾಶವಿದ್ದರೆ ಪೂರ್ವಕ್ಕೆ ಇಳಿಯುವ ಜಾಗವನ್ನು ಆರಿಸಿ. ಬೆಳಗಿನ ಬಿಸಿಲು ಸಿಗುತ್ತದೆ, ನಾಲ್ಕು ಗಂಟೆಯ ಬಳಿಕ ಗುಡ್ಡವೇ ನೆರಳಾಗುತ್ತದೆ, ಮುಂಗಾರಿನ ಎರಚಲೂ ಕಡಿಮೆ. ಇಷ್ಟನ್ನು ಯಾವ ಯಂತ್ರವೂ ನಿಮಗೆ ಪುಕ್ಕಟೆಯಾಗಿ ಕೊಡಲಾರದು.

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯವರು, 22 ವರ್ಷಗಳಿಂದ ಪುಣೆಯಲ್ಲಿದ್ದೇವೆ. ಪಾನ್‌ಶೇತ್ ದಾರಿಯಲ್ಲಿ 11 ಗುಂಟೆಯ ಎನ್.ಎ. (ಕೃಷಿಯೇತರ) ನಿವೇಶನ ಕೊಂಡಿದ್ದೇವೆ. ನೆಲ ಪಶ್ಚಿಮಕ್ಕೆ ಇಳಿಯುತ್ತದೆ, ಕೆಳಗೆ ಜಲಾಶಯ ಕಾಣುತ್ತದೆ. ಆ ಕಡೆಗೆ ನೆಲದಿಂದ ಸೂರಿನವರೆಗೆ ಗಾಜಿನ ಗೋಡೆ ಇರಲಿ, ಡಬಲ್ ಗ್ಲಾಸ್ ಹಾಕಿಸಿದರೆ ಸೆಕೆ ಬರುವುದಿಲ್ಲ ಎಂದು ಮಗ ಹೇಳುತ್ತಾನೆ. ತಮ್ಮ ಅಭಿಪ್ರಾಯ ತಿಳಿಸಬೇಕು.
– ಓದುಗರೊಬ್ಬರು, ಪಾಷಾಣ, ಪುಣೆ

ತಮ್ಮ ಮಗನ ಆಸೆ ಸಹಜವಾದದ್ದೇ. ನೀರು ಕಾಣುವ ಜಾಗ ಕೊಂಡು ನೀರಿಗೆ ಬೆನ್ನು ಮಾಡಿ ಕೂರಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಪಶ್ಚಿಮದ ಗಾಜಿನ ಗೋಡೆ ಬೇಡ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಇಂಥದೇ ಜಾಗದಲ್ಲಿ ಕಟ್ಟಿದ ಒಂದು ಮನೆಗೆ ಏಪ್ರಿಲ್ ತಿಂಗಳ ಒಂದು ಸಂಜೆ ಸಲಹೆಗಾಗಿ ನನ್ನನ್ನು ಕರೆದಿದ್ದರು. ಐದು ಗಂಟೆಯ ಹೊತ್ತು. ಇಪ್ಪತ್ತು ಅಡಿ ಅಗಲದ ಗಾಜಿಗೆ ದಪ್ಪ ಪರದೆ ಎಳೆದಿದ್ದರು, ಕತ್ತಲಾಯಿತೆಂದು ದೀಪ ಹಾಕಿದ್ದರು, ಎರಡು ಏ.ಸಿ. ಓಡುತ್ತಿದ್ದವು. ಪರದೆಗೂ ಗಾಜಿಗೂ ನಡುವೆ ಕೈ ಹಾಕಿ ನೋಡಿದೆ. ರೊಟ್ಟಿ ಬೇಯಿಸುವ ಹಂಚಿನ ಹತ್ತಿರ ಕೈ ಒಯ್ದಂತಿತ್ತು. ಮೂರರಿಂದ ಆರೂವರೆಯವರೆಗೆ ಆ ಮನೆಯವರಿಗೆ ನೀರು ಕಾಣುವುದೇ ಇಲ್ಲ.

ಹೀಗೇಕೆ ಆಗುತ್ತದೆಂದರೆ, ಪುಣೆ 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಹಾಗಾಗಿ ಸಂಜೆಯ ಬಿಸಿಲೂ ಗಡಿಯಾರದಲ್ಲಿ ತಡವಾಗಿಯೇ ಇಳಿಯುತ್ತದೆ. ದಕ್ಷಿಣದ ಕಿಟಕಿಯ ಮೇಲೆ ಎರಡು ಅಡಿಯ ಸಜ್ಜಾ ಇದ್ದರೆ ಮಾರ್ಚ್ ಕೊನೆಯ ನಡುಹಗಲಿನಲ್ಲಿ ಅದರ ನೆರಳು ಸುಮಾರು ಆರು ಅಡಿ ಕೆಳಗಿಳಿದು ಇಡೀ ಕಿಟಕಿಯನ್ನು ಮುಚ್ಚುತ್ತದೆ. ಡಿಸೆಂಬರಿನಲ್ಲಿ ಎರಡು ಅಡಿಯಷ್ಟೇ ಇಳಿದು, ಚಳಿಗೆ ಬೇಕಾದ ಬಿಸಿಲನ್ನು ಒಳಗೆ ಬಿಡುತ್ತದೆ. ಅದೇ ಸಜ್ಜಾವನ್ನು ಪಶ್ಚಿಮದ ಕಿಟಕಿಗೆ ಹಾಕಿದರೆ ಏಪ್ರಿಲ್ ಕೊನೆಯ ಸಂಜೆ ಐದೂವರೆಗೆ, ಸೂರ್ಯ ಕ್ಷಿತಿಜದಿಂದ 19 ಡಿಗ್ರಿ ಎತ್ತರದಲ್ಲಿರುವಾಗ, ಎಂಟು ಇಂಚಿನ ನೆರಳೂ ಬೀಳುವುದು ಕಷ್ಟ. ಉಳಿದ ಗಾಜೆಲ್ಲ ಬಿಸಿಲಿಗೆ ಎದೆಕೊಟ್ಟು ನಿಂತಿರುತ್ತದೆ.

ಡಬಲ್ ಗ್ಲಾಸಿನ ವಿಷಯ ಹೀಗಿದೆ. ಎರಡು ಗಾಜುಗಳ ನಡುವಿನ ಗಾಳಿಯ ಪದರ, ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ವ್ಯತ್ಯಾಸದಿಂದ ಹರಿಯುವ ಶಾಖವನ್ನು ತಡೆಯುತ್ತದೆ. ಹೊರಗೆ ಹಿಮ, ಒಳಗೆ ಬೆಂಕಿಗೂಡು ಇರುವ ದೇಶಗಳಿಗೆ ಅದು ಬಹಳ ಉಪಯುಕ್ತ. ನಮ್ಮ ತೊಂದರೆ ನೇರ ಬಿಸಿಲು. ಸಾದಾ ಗಾಜು ಎರಡು ಪದರವಿದ್ದರೂ ಬಿಸಿಲಿನ ಶಾಖದಲ್ಲಿ ಮೂರರಲ್ಲಿ ಎರಡು ಪಾಲು ಒಳಗೆ ಬಂದೇ ಬರುತ್ತದೆ. ಬಂದು ನೆಲವನ್ನು ಕಾಯಿಸುತ್ತದೆ, ಕಾದ ನೆಲ ಹೊರಬಿಡುವ ಶಾಖವನ್ನು ಅದೇ ಗಾಜು ಹೊರಗೆ ಬಿಡುವುದಿಲ್ಲ. ಒಳಪರದೆಯಿಂದಲೂ ಪ್ರಯೋಜನ ಸ್ವಲ್ಪವೇ, ಏಕೆಂದರೆ ಪರದೆಗೆ ತಗಲುವ ಹೊತ್ತಿಗೆ ಬಿಸಿಲು ಮನೆಯೊಳಗೆ ಬಂದಾಗಿರುತ್ತದೆ. ತಡೆಯುವುದಾದರೆ ಗಾಜಿನ ಹೊರಗೇ ತಡೆಯಬೇಕು.

ಹಾಗಾದರೆ ನೀರನ್ನು ನೋಡುವುದು ಹೇಗೆ? ಮುಂಬಯಿಯ ಕಂಬಾಲಾ ಹಿಲ್ ಪ್ರದೇಶದಲ್ಲಿ ಚಾರ್ಲ್ಸ್ ಕೊರಿಯಾ ಅವರು ರೂಪಿಸಿದ, 1983ರಲ್ಲಿ ಮುಗಿದ ಕಾಂಚನಜುಂಗಾ ಕಟ್ಟಡವನ್ನು ತಮ್ಮ ಮಗನಿಗೆ ಒಮ್ಮೆ ತೋರಿಸಿರಿ. ಅಲ್ಲಿಯೂ ಸಮುದ್ರದ ಗಾಳಿ ಮತ್ತು ನೋಟ ಇರುವುದು ಪಶ್ಚಿಮಕ್ಕೆ; ಉರಿಬಿಸಿಲೂ ಬಿರುಮಳೆಯೂ ಬರುವುದು ಅತ್ತಲಿಂದಲೇ. ಹಳೆಯ ಬಂಗಲೆಗಳು ತಮ್ಮ ಸುತ್ತ ಪಡಸಾಲೆಯನ್ನು ಹೊದ್ದುಕೊಂಡು ಇದನ್ನು ಬಗೆಹರಿಸಿದ್ದವು. ಕೊರಿಯಾ ಅದನ್ನೇ ಎತ್ತರದ ಕಟ್ಟಡಕ್ಕೆ ತಂದು, ಮೂಲೆಗಳಲ್ಲಿ ಆಳವಾದ ತೆರೆದ ಅಂಗಳಗಳನ್ನು ಮಾಡಿ, ಕೋಣೆಗಳನ್ನು ಅವುಗಳ ಹಿಂದಿಟ್ಟರು. ತಮ್ಮ ಮನೆಗೂ ಪಶ್ಚಿಮಕ್ಕೆ ಎಂಟರಿಂದ ಹತ್ತು ಅಡಿ ಆಳದ ಪಡಸಾಲೆ ಇರಲಿ. ಎಂಟು ಅಡಿಯ ಪಡಸಾಲೆ ಏಪ್ರಿಲಿನಲ್ಲಿ ನಾಲ್ಕೂವರೆಯವರೆಗೂ ಗೋಡೆಯ ಮೇಲಿನ ಐದು ಅಡಿಯನ್ನು ನೆರಳಿನಲ್ಲಿಡುತ್ತದೆ. ಆಮೇಲಿನ ಒಂದೂವರೆ ಗಂಟೆಗೆ ಪಡಸಾಲೆಯ ಹೊರಅಂಚಿಗೆ ಬಿದಿರಿನ ಚಿಕ್ ಇಳಿಸಿದರಾಯಿತು. ಸೂರ್ಯ ಇನ್ನೇನು ಮುಳುಗುವ ಹೊತ್ತಿಗೆ ಚಿಕ್ ಎತ್ತಿ, ಚಹಾ ಹಿಡಿದು ಕುಳಿತುಕೊಳ್ಳಬಹುದು.

ಇದಕ್ಕಿಂತಲೂ ಮುಖ್ಯವಾದ ಒಂದು ತೀರ್ಮಾನವಿದೆ. ಗುಡ್ಡದಲ್ಲಿ ಮನೆಯನ್ನು ಇಳಿಜಾರಿಗೆ ಅಡ್ಡವಾಗಿ, ಅಂದರೆ ಒಂದೇ ಎತ್ತರದ ಗೆರೆಗುಂಟ ಉದ್ದಕ್ಕೆ ಕೂರಿಸಿದರೆ ಅಗೆತ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ತಮ್ಮ ಜಾಗ ಪಶ್ಚಿಮಕ್ಕೆ ಇಳಿಯುವುದರಿಂದ ಹಾಗೆ ಕೂರಿಸಿದ ಮನೆಯ ಉದ್ದನೆಯ ಗೋಡೆಗಳೆರಡೂ ಪೂರ್ವ–ಪಶ್ಚಿಮಕ್ಕೆ ಬಂದು ದಿನವಿಡೀ ಕಾಯುತ್ತವೆ. ಉದ್ದದ ಗೋಡೆಗಳನ್ನು ಉತ್ತರ–ದಕ್ಷಿಣಕ್ಕೆ ತಿರುಗಿಸಿದರೆ ಮನೆ ಇಳಿಜಾರಿನುದ್ದಕ್ಕೆ ಚಾಚಿಕೊಂಡು, ಕೆಳಗಡೆ ದೊಡ್ಡ ಕಂಬಗಳೋ ಮಣ್ಣಿನ ಭರ್ತಿಯೋ ಬೇಕಾಗುತ್ತದೆ. ನಾನು ಇಂಥ ಜಾಗಗಳಲ್ಲಿ ಮಾಡುವುದು ಇಷ್ಟು: ಮನೆಯನ್ನು ಎರಡು ಅಥವಾ ಮೂರು ಸಣ್ಣ ಭಾಗಗಳಾಗಿ ಒಡೆದು, ಪ್ರತಿಯೊಂದನ್ನೂ ಮೂರು–ನಾಲ್ಕು ಅಡಿ ಕೆಳಗಿನ ಮಟ್ಟದಲ್ಲಿ ಮೆಟ್ಟಿಲಿನಂತೆ ಇಳಿಸುತ್ತ ಹೋಗುವುದು. ಪ್ರತಿ ಭಾಗಕ್ಕೂ ಉತ್ತರ–ದಕ್ಷಿಣದ ಕಿಟಕಿಗಳು ಸಿಗುತ್ತವೆ, ಪಶ್ಚಿಮದ ತುದಿಗೆ ಬರುವುದು ಕಿರಿದಾದ ಗೋಡೆ ಮತ್ತು ಅದರ ಮುಂದಿನ ಪಡಸಾಲೆ ಮಾತ್ರ. ಹೊರಗೋಡೆ, ಸೂರಿನ ಅಂಚು, ಮೆಟ್ಟಿಲುಗಳು ಹೆಚ್ಚುವುದರಿಂದ ಕಟ್ಟುವ ಖರ್ಚೂ ಹೆಚ್ಚುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಬಚ್ಚಲು, ಉಗ್ರಾಣ, ಮೆಟ್ಟಿಲಿನ ಗೂಡು ಇವನ್ನು ಪಶ್ಚಿಮದ ಉಳಿದ ಗೋಡೆಗೆ ಸೇರಿಸಿದರೆ ಮಲಗುವ ಕೋಣೆಗಳಿಗೆ ಬಿಸಿ ತಾಕುವುದಿಲ್ಲ.

ಸೂರಿನ ಬಗ್ಗೆ ಒಂದು ಮಾತು. ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ಪುಣೆಯಲ್ಲಿ ನಡುಹಗಲ ಸೂರ್ಯ ನೆತ್ತಿಯನ್ನು ದಾಟಿ ಸ್ವಲ್ಪ ಉತ್ತರಕ್ಕಿರುತ್ತಾನೆ. ಬೇಸಿಗೆಯಲ್ಲಿ ಗೋಡೆಗಳೆಲ್ಲಕ್ಕಿಂತ ಹೆಚ್ಚು ಕಾಯುವುದು ತಾರಸಿ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಕಟ್ಟಡಗಳಿಗಾಗಿ ತಂದ ‘ಇಕೋ ನಿವಾಸ ಸಂಹಿತೆ’ಯು ಸೂರಿನ ಶಾಖವಹನಕ್ಕೆ ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಉಷ್ಣತೆಯ ವ್ಯತ್ಯಾಸದ ಪ್ರತಿ ಡಿಗ್ರಿಗೆ 1.2 ವ್ಯಾಟ್ ಮಿತಿಯನ್ನು ಹಾಕಿದೆ. ನಾಲ್ಕು ಇಂಚಿನ ಬರಿಯ ಆರ್‌ಸಿಸಿ ಸ್ಲ್ಯಾಬು ಇದರ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಶಾಖವನ್ನು ಒಳಗೆ ಬಿಡುತ್ತದೆ. ಸ್ಲ್ಯಾಬಿನ ಮೇಲ್ಗಡೆ ಎರಡು ಇಂಚು ದಪ್ಪದ ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮಿನ ಹಲಗೆ) ಹಾಸಿ, ಅದರ ಮೇಲೆ ನೀರುತಡೆ ಮತ್ತು ಬಿಳಿಯ ಹೆಂಚು ಹಾಕಿದರೆ ಅದು 0.5ರ ಆಸುಪಾಸಿಗೆ ಇಳಿಯುತ್ತದೆ. ಹಲಗೆಯನ್ನು ಒಳಗಡೆ, ಫಾಲ್ಸ್ ಸೀಲಿಂಗಿನ ಮೇಲೆ ಹಾಕುವುದಾಗಿ ಯಾರಾದರೂ ಹೇಳಿದರೆ ಒಪ್ಪಬೇಡಿ; ಬಿಸಿಲು ಸ್ಲ್ಯಾಬಿಗೆ ತಲುಪುವ ಮೊದಲೇ ತಡೆಯಬೇಕು.

ಮತ್ತು ತಾವು ವಿಜಯಪುರದ ಕಡೆಯವರಾದ್ದರಿಂದ ಮಾಳಿಗೆ ಮನೆಯ ಬೆಳಕಿಂಡಿಯನ್ನು ಮರೆತಿರಲಾರಿರಿ. ಪುಣೆಯಲ್ಲಿ ಏಪ್ರಿಲಿನ ಹಗಲು 38 ಡಿಗ್ರಿ ಮುಟ್ಟಿದರೂ ರಾತ್ರಿ 20–22ಕ್ಕೆ ಇಳಿಯುತ್ತದೆ. ಗುಡ್ಡದ ಮೇಲಿನ ತಂಪು ಗಾಳಿ ಭಾರವಾದ್ದರಿಂದ ರಾತ್ರಿ ಇಳಿಜಾರಿನಗುಂಟ ಕೆಳಗೆ ಹರಿದುಬರುತ್ತದೆ. ಪೂರ್ವದ ಕಡೆ, ಅಂದರೆ ಗುಡ್ಡದ ಕಡೆ, ನೆಲಕ್ಕೆ ಹತ್ತಿರವಾಗಿ ಜಾಳಿಗೆಯುಳ್ಳ ತಗ್ಗು ಕಿಟಕಿಗಳನ್ನಿಟ್ಟು, ಸೂರಿನ ಎತ್ತರದ ಭಾಗದಲ್ಲಿ ಮಳೆ ಎರಚದಂತೆ ಮುಚ್ಚಳವಿರುವ ಬೆಳಕಿಂಡಿ ಇಟ್ಟರೆ, ರಾತ್ರಿಯಿಡೀ ತಂಪು ಒಳನುಗ್ಗಿ ಹಗಲಿನ ಬಿಸಿ ಮೇಲಿನಿಂದ ಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಎಲ್ಲ ಮುಚ್ಚಿಬಿಡಿ. ದಪ್ಪ ಕಲ್ಲಿನ ಅಥವಾ ಇಟ್ಟಿಗೆಯ ಒಳಗೋಡೆಗಳು ಆ ತಂಪನ್ನು ಮಧ್ಯಾಹ್ನದವರೆಗೆ ಹಿಡಿದಿಡುತ್ತವೆ.

ಪ್ರಶ್ನೆ: ಕರ್ಜತ್ ಬಳಿಯ ಇಳಿಜಾರಿನಲ್ಲಿ ಮನೆ ಕಟ್ಟಿಸಬೇಕೆಂದಿದ್ದೇವೆ. ಗುಡ್ಡವನ್ನು ಕಡಿದು, ಹಿಂಗೋಡೆಯನ್ನು ಮಣ್ಣಿಗೇ ಆನಿಸಿದರೆ ಮನೆ ಸದಾ ತಂಪಾಗಿರುತ್ತದೆ, ತಡೆಗೋಡೆಯ ಖರ್ಚೂ ಉಳಿಯುತ್ತದೆ ಎಂದು ಗುತ್ತಿಗೆದಾರರು ಹೇಳುತ್ತಾರೆ. ಸರಿಯೇ?
– ಓದುಗರೊಬ್ಬರು, ಡೊಂಬಿವಲಿ

ತತ್ತ್ವ ಸರಿಯಾಗಿದೆ, ಜಾಗ ತಪ್ಪಾಗಿದೆ. ನಾಲ್ಕೈದು ಮೀಟರ್ ಆಳದ ಮಣ್ಣು ವರ್ಷವಿಡೀ ಸರಾಸರಿ ಉಷ್ಣತೆಯ ಹತ್ತಿರವೇ ಇರುವುದರಿಂದ ಒಣ ಪ್ರದೇಶಗಳಲ್ಲಿ ಮಣ್ಣಿಗೆ ಆನಿಸಿ ಕಟ್ಟಿದ ಮನೆಗಳು ನಿಜಕ್ಕೂ ಹಿತವಾಗಿರುತ್ತವೆ. ಕರ್ಜತ್ತಿನಲ್ಲಿ ನಾಲ್ಕು ತಿಂಗಳಿನೊಳಗೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಪುಣೆ ನಗರದಲ್ಲಿ ವರ್ಷಕ್ಕೆ ಬೀಳುವುದು 700ರ ಸುಮಾರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿರಿ.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಮುಳಶಿಯ ಕಡೆ ಧಾರವಾಡದ ಒಂದು ಕುಟುಂಬಕ್ಕೆ ಮನೆ ಕಟ್ಟಿಸಿದಾಗ, ಹಿಂಗೋಡೆಗೆ ಎರಡು ಕೈ ಡಾಂಬರು ಬಳಿಸಿ ಮಣ್ಣಿಗೆ ಸೇರಿಸಿಬಿಟ್ಟೆ. ಮೇ ತಿಂಗಳಲ್ಲಿ ಎಲ್ಲರೂ ಹೊಗಳಿದರು. ಗಣೇಶ ಚೌತಿಗೆ ಕರೆದಾಗ ಮನೆಯ ಹಿರಿಯಮ್ಮನವರು ಏನೂ ಮಾತನಾಡದೆ ಕೋಣೆಗೆ ಕರೆದೊಯ್ದು, ಗೋಡೆಯೊಳಗಿನ ಕಪಾಟು ತೆರೆದು, ತಮ್ಮ ಮದುವೆಯ ಇಳಕಲ್ ಸೀರೆಯನ್ನು ಬಿಡಿಸಿ ತೋರಿಸಿದರು. ಮಡಿಕೆಯುದ್ದಕ್ಕೂ ಬಿಳಿಯ ಬೂಷ್ಟು. ಸೆರಗಿನ ಕೆಂಪು ರೇಷ್ಮೆ ಅಲ್ಲಲ್ಲಿ ಕಪ್ಪಾಗಿತ್ತು. ಕಪಾಟು ಒಣಗಿಸಲು ಅವರು ಜೂನಿನಿಂದ ಹಗಲುರಾತ್ರಿ ಬಲ್ಬು ಉರಿಸುತ್ತಿದ್ದರು, ಬಳಿಕ ತೇವ ಹೀರುವ ಯಂತ್ರವನ್ನೂ ತಂದರು. ಬೇಸಿಗೆಯಲ್ಲಿ ಉಳಿಸಿದ ಕರೆಂಟು ಮಳೆಗಾಲದಲ್ಲಿ ಹಾಗೆ ಹೋಯಿತು. ಮುಂದಿನ ವರ್ಷ ಹಿಂಗೋಡೆಯ ಹಿಂದೆ ನಾಲ್ಕು ಅಡಿ ಅಗಲಕ್ಕೆ ಅಗೆದು ಮಣ್ಣನ್ನು ದೂರ ಸರಿಸಿದೆವು. ಮೊದಲೇ ತಡೆಗೋಡೆ ಕಟ್ಟಿದ್ದರೆ ಆಗುತ್ತಿದ್ದ ಖರ್ಚಿಗಿಂತ ಅದು ಹೆಚ್ಚಾಯಿತು.

ಆದ್ದರಿಂದ ಮನೆಗೂ ಗುಡ್ಡಕ್ಕೂ ನಡುವೆ ಕನಿಷ್ಠ ನಾಲ್ಕು ಅಡಿಯ ಸಂದು ಬಿಡಿ, ಅದರ ತಳದಲ್ಲಿ ಕಲ್ಲಿನ ಗಟಾರ ಇರಲಿ. ಗುಡ್ಡದ ಕಡೆಗೆ ತಡೆಗೋಡೆ ಬೇಕೇ ಬೇಕು. ತಡೆಗೋಡೆಗಳು ಉರುಳುವುದು ಬಹುತೇಕ ಮಣ್ಣಿನ ಭಾರದಿಂದಲ್ಲ, ಅದರ ಹಿಂದೆ ನಿಂತ ನೀರಿನ ಒತ್ತಡದಿಂದ: ಹತ್ತು ಅಡಿ ನೀರು ನಿಂತರೆ ಗೋಡೆಯ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಮೂರು ಟನ್ ಬೀಳುತ್ತದೆ. ಗೋಡೆಯ ಹಿಂದೆ ಒಂದು ಅಡಿ ದಪ್ಪಕ್ಕೆ ಜಲ್ಲಿ ತುಂಬಿಸಿ, ನಾಲ್ಕೈದು ಅಡಿಗೊಂದರಂತೆ ನೀರಿಳಿಯುವ ಕೊಳವೆಗಳನ್ನು ಬಿಡಿಸಿ, ಗುತ್ತಿಗೆದಾರರು ಗಿಲಾವು ಮಾಡುವಾಗ ಅವನ್ನು ಮುಚ್ಚಿಹಾಕದಂತೆ ನೀವೇ ನಿಂತು ನೋಡಿಕೊಳ್ಳಿ. ನಿವೇಶನದ ಮೇಲ್ಗಡೆಯ ಅಂಚಿನಲ್ಲಿ ಇನ್ನೊಂದು ಗಟಾರ ತೋಡಿಸಿ ಗುಡ್ಡದ ನೀರನ್ನು ಮನೆಯ ಎರಡೂ ಪಕ್ಕಕ್ಕೆ ತಿರುಗಿಸಿರಿ. ಆ ನಾಲ್ಕು ಅಡಿಯ ಸಂದು ದಿನವಿಡೀ ನೆರಳಿನಲ್ಲಿರುವುದರಿಂದ ಅಲ್ಲಿಗೆ ತೆರೆಯುವ ತಗ್ಗು ಕಿಟಕಿಗಳು ತಂಪು ಗಾಳಿಯನ್ನೇ ಕೊಡುತ್ತವೆ. ಮಣ್ಣಿನಿಂದ ನೀವು ಬಯಸಿದ್ದು ಹೀಗೆ ತೇವವಿಲ್ಲದೆ ಸಿಗುತ್ತದೆ.

ಪಾಯದ ವಿಷಯದಲ್ಲಿ ಎರಡು ಎಚ್ಚರಿಕೆ. ಗುಡ್ಡ ಕಡಿದ ಮಣ್ಣನ್ನು ಕೆಳಗಡೆ ತುಂಬಿಸಿ, ಅರ್ಧ ಮನೆಯನ್ನು ಗಟ್ಟಿ ಮುರುಮಿನ (ಕಲ್ಲು ಸವೆದು ಆದ ಗರಸು ನೆಲದ) ಮೇಲೆ, ಅರ್ಧವನ್ನು ಭರ್ತಿಯ ಮೇಲೆ ನಿಲ್ಲಿಸಿದರೆ ಭರ್ತಿ ಕುಗ್ಗಿದಂತೆ ಮನೆಯ ನಡುವೆಯೇ ಬಿರುಕು ಬಿಡುತ್ತದೆ. ಕಂಬಗಳ ಮೇಲೆ ಎತ್ತುವುದಾದರೆ ಗುಡ್ಡದ ಕಡೆಯ ಗಿಡ್ಡ ಕಂಬಗಳು ಕೆಳಗಡೆಯ ಉದ್ದ ಕಂಬಗಳಿಗಿಂತ ಬಿರುಸಾಗಿರುವುದರಿಂದ ಭೂಮಿ ನಡುಗಿದಾಗ ಹೆಚ್ಚಿನ ಬಲವೆಲ್ಲ ಅವುಗಳ ಮೇಲೆಯೇ ಬಂದು ಮೊದಲು ಮುರಿಯುತ್ತವೆ. 1967ರ ಡಿಸೆಂಬರಿನ ಕೊಯ್ನಾ ಭೂಕಂಪವನ್ನು ಕಂಡ ಪ್ರದೇಶ ನಮ್ಮದು. ಸ್ಟ್ರಕ್ಚರಲ್ ಇಂಜಿನಿಯರರ ಲೆಕ್ಕವಿಲ್ಲದೆ ಇಳಿಜಾರಿನಲ್ಲಿ ಕಂಬ ನಿಲ್ಲಿಸಬೇಡಿ.

ಪ್ರಶ್ನೆ: ನಾವು ಅಂಕೋಲೆಯವರು, ಈಗ ಗೋವೆಯಲ್ಲಿದ್ದೇವೆ. ಪುಣೆಯ ಬಂಧುಗಳ ಗುಡ್ಡದ ಮನೆಯಲ್ಲಿ ದಪ್ಪ ಗೋಡೆ, ಸಣ್ಣ ಕಿಟಕಿ ಇಟ್ಟು ಬಹಳ ತಂಪಾಗಿದೆ. ಅದೇ ನಕ್ಷೆಯನ್ನು ಇಲ್ಲಿ ಬಳಸಬಹುದೇ?
– ಓದುಗರೊಬ್ಬರು, ಪರ್ವರಿ

ಬಳಸಬೇಡಿ. ದಪ್ಪ ಗೋಡೆ ತಂಪು ಕೊಡಬೇಕಾದರೆ ಅದಕ್ಕೆ ರಾತ್ರಿಯಲ್ಲಿ ತಂಪು ಸಿಗಬೇಕು. ಪುಣೆಯಲ್ಲಿ ಹಗಲಿಗೂ ರಾತ್ರಿಗೂ ಬೇಸಿಗೆಯಲ್ಲಿ ಹದಿನೈದು ಡಿಗ್ರಿಗೂ ಮೀರಿದ ಅಂತರವಿದೆ. ಪಣಜಿಯಲ್ಲಿ ಮೇ ತಿಂಗಳ ಹಗಲು 33ರ ಸುಮಾರು, ರಾತ್ರಿ 27ರ ಸುಮಾರು. ಹಗಲೆಲ್ಲ ಕಾದ ಗೋಡೆ ರಾತ್ರಿ ಆರುವುದೇ ಇಲ್ಲ. ನಿಮ್ಮಲ್ಲಿ ಮೈಯ ಬೆವರು ಆರಿಸುವ ಗಾಳಿಯೇ ತಂಪು, ಆದ್ದರಿಂದ ಮನೆ ಒಂದೇ ಕೋಣೆಯಷ್ಟು ಅಗಲವಿದ್ದು ಎರಡೂ ಬದಿಗೆ ದೊಡ್ಡ ಕಿಟಕಿ ಇರಬೇಕು, ಕಡಲಗಾಳಿ ಬರುವ ಪಶ್ಚಿಮದ ಕಡೆ ಪೂರ್ತಿ ಮುಚ್ಚಿದ ಗೋಡೆ ಇರಬಾರದು, ಸೂರು ಮೂರು ಅಡಿಯಾದರೂ ಹೊರಚಾಚಿರಬೇಕು. ಮಂಗಳೂರು ಹೆಂಚಿನ ಸಂದುಗಳಲ್ಲಿ ಬಿಸಿ ಗಾಳಿ ತಾನಾಗಿ ಹೊರಹೋಗುವುದನ್ನು ಅಂಕೋಲೆಯ ಮನೆಯಲ್ಲಿ ನೀವು ಕಂಡೇ ಇರುತ್ತೀರಿ. ಗೋವೆಯ ಹಳೆಯ ಮನೆಗಳಲ್ಲಿ ಕಿಟಕಿಗೆ ಗಾಜಿನ ಬದಲು ತೆಳುವಾದ ಕಡಲಚಿಪ್ಪುಗಳನ್ನು ಮರದ ಚೌಕಟ್ಟಿನಲ್ಲಿ ಕೂರಿಸುತ್ತಿದ್ದರು. ಕಣ್ಣು ಕುಕ್ಕದ ಹಾಲಿನಂಥ ಬೆಳಕು ಅವುಗಳಿಂದ ಬರುತ್ತದೆ. ಈಗ ಅದು ದುಬಾರಿಯಾದರೂ ಒಂದು ಕಿಟಕಿಗಾದರೂ ಮಾಡಿಸಿ ಎನ್ನುವ ಆಸೆ ನನ್ನದು.

ನೆಲದ ಬಗ್ಗೆ ಹೆಚ್ಚು ಎಚ್ಚರ ಬೇಕು. ಗೋವೆಯ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 17ಎ ಕಲಮಿನಂತೆ ಅನುಮತಿಯಿಲ್ಲದೆ ಗುಡ್ಡ ಕಡಿಯುವುದೂ ತಗ್ಗು ತುಂಬಿಸುವುದೂ ಅಪರಾಧ. 2021ರ ಪ್ರಾದೇಶಿಕ ಯೋಜನೆಯು ಶೇಕಡಾ 25ಕ್ಕಿಂತ ಕಡಿದಾದ ಇಳಿಜಾರುಗಳಲ್ಲಿ ಅಭಿವೃದ್ಧಿಗೆ ಅವಕಾಶ ಕೊಡುವುದಿಲ್ಲ. ಕಾನೂನಿಗೆ ಕಾರಣವೂ ಇದೆ. ನಮ್ಮ ಕರಾವಳಿಯಂತೆಯೇ ಅಲ್ಲಿಯೂ ಮೇಲೆ ಗಟ್ಟಿಯಾದ ಚಿರೇಕಲ್ಲಿನ ಪದರ, ಅದರ ಕೆಳಗೆ ಶೇಡಿ ಮಣ್ಣು. ಒಣಗಿದ್ದಾಗ ಗುದ್ದಲಿಗೆ ಗಟ್ಟಿಯಾಗಿ ಸಿಗುವ ಶೇಡಿ, ಕಡಿದು ತೆರೆದಿಟ್ಟು ನೀರು ತಾಗಿಸಿದರೆ ಬೆಣ್ಣೆಯಂತಾಗಿ ಮೇಲಿನ ಕಲ್ಲನ್ನೂ ಹೊತ್ತುಕೊಂಡು ಜಾರುತ್ತದೆ. ಚಿರೇಕಲ್ಲಿನ ಪದರವನ್ನು ಒಡೆಯದೆ, ಅದರ ಮೇಲೆಯೇ ಮನೆ ನಿಲ್ಲುವಂತೆ ನಕ್ಷೆ ಮಾಡಿಸಿರಿ.

ಪ್ರಶ್ನೆ: 5 ಕಿಲೋವ್ಯಾಟ್ ಸೋಲಾರ್ ಮತ್ತು ಎಲ್ಲ ಕೋಣೆಗೂ ಫೈವ್ ಸ್ಟಾರ್ ಏ.ಸಿ. ಹಾಕಿಸಿದರೆ ನಮ್ಮ ಲೋಣಾವಳೆಯ ಮನೆ ಇಂಧನ ಉಳಿಸುವ ಮನೆ ಆಗುತ್ತದಲ್ಲವೇ?
– ಓದುಗರೊಬ್ಬರು, ನೆರೂಳ್, ನವಿ ಮುಂಬಯಿ

ಮೊದಲು ನೆರಳು, ಆಮೇಲೆ ಗಾಳಿ, ಬಳಿಕ ಫ್ಯಾನು, ಕೊನೆಗೆ ಏ.ಸಿ. ಎಂಬ ಕ್ರಮದಲ್ಲಿ ಯೋಚಿಸಿದರೆ ಲೋಣಾವಳೆಯಲ್ಲಿ ಏ.ಸಿ. ಬೇಕಾಗುವುದು ಒಂದು ಕೋಣೆಗೆ, ವರ್ಷದಲ್ಲಿ ಕೆಲವೇ ವಾರ. ಹಳೆಯ ಫ್ಯಾನು 75 ವ್ಯಾಟ್ ತೆಗೆದುಕೊಂಡರೆ ಬಿಎಲ್‌ಡಿಸಿ ಎಂಬ ಬ್ರಶ್ ಇಲ್ಲದ ಮೋಟರಿನ ಫ್ಯಾನು ಸುಮಾರು 30ರಲ್ಲಿ ತಿರುಗುತ್ತದೆ. ಏ.ಸಿ.ಯನ್ನು 24ಕ್ಕಿಂತ ಕೆಳಗಿಳಿಸಬೇಡಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಶೇಕಡಾ 6ರಷ್ಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ.

ಸೋಲಾರ್ ಹಾಕಿಸಿ, ಆದರೆ 3 ಕಿಲೋವ್ಯಾಟಿನಿಂದ ಆರಂಭಿಸಿ. ಅದಕ್ಕೆ ನೆರಳಿಲ್ಲದ 300 ಚದರ ಅಡಿ ಸೂರು ಬೇಕು, ಬಿಸಿಲಿನ ದಿನ ಸುಮಾರು 12 ಯೂನಿಟ್ ಸಿಗುತ್ತದೆ, ಮಳೆಗಾಲದಲ್ಲಿ ಬಹಳ ಇಳಿಯುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ 3 ಕಿಲೋವ್ಯಾಟಿಗೆ 78,000 ರೂಪಾಯಿ; ಅದಕ್ಕಿಂತ ದೊಡ್ಡದಕ್ಕೂ ಅಷ್ಟೇ. ಗುಡ್ಡದ ಮನೆಯಲ್ಲಿ ಇನ್ನೊಂದನ್ನು ನೋಡಬೇಕು: ಡಿಸೆಂಬರಿನಲ್ಲಿ ನಡುಹಗಲ ಸೂರ್ಯ 48 ಡಿಗ್ರಿಯಷ್ಟೇ ಏರುವುದರಿಂದ ದಕ್ಷಿಣಕ್ಕೆ ಗುಡ್ಡವೋ ದೊಡ್ಡ ಮರವೋ ಇದ್ದರೆ ಅದರ ನೆರಳು ಪ್ಯಾನೆಲಿನ ಮೇಲೆ ಬೀಳುತ್ತದೆ. ಅಳವಡಿಸುವವರು ಮೇ ತಿಂಗಳಲ್ಲಿ ಬಂದು ನೋಡಿದರೆ ಅದು ಅವರ ಗಮನಕ್ಕೆ ಬಾರದು.

ಪ್ರಶ್ನೆ: ನಿಮ್ಮ ಹಿಂದಿನ ಅಂಕಣದಲ್ಲಿ ಗುಡ್ಡದ ಮನೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು ಎಂದು ಓದಿದೆ. ನನ್ನ ತಾಯಿಗೆ 78 ವರ್ಷ, ಮೊಣಕಾಲು ನೋವು. ಬೆಳಗಾವಿಯ ಮನೆ ಬಿಟ್ಟು ನಮ್ಮ ಜೊತೆ ಇರಲು ಈಗಷ್ಟೇ ಒಪ್ಪಿದ್ದಾರೆ. ಅವರಿಗೆ ಇಂಥ ಮನೆ ಹೇಗೆ ಒಗ್ಗೀತು?
– ಓದುಗರೊಬ್ಬರು, ಬಾಣೇರ್, ಪುಣೆ

ಅಕ್ಕ, ನಿಮ್ಮ ಪತ್ರದಲ್ಲಿ ರಸ್ತೆ ನಿವೇಶನದ ಮೇಲ್ಗಡೆ ಇದೆಯೆಂದು ಬರೆದಿದ್ದೀರಿ, ಅದು ಅನುಕೂಲವೇ. ರಸ್ತೆಯ ಮಟ್ಟದಲ್ಲೇ ಮನೆಯ ಮೊದಲ ಭಾಗ ಬರಲಿ. ಅಡುಗೆಮನೆ, ದೇವರ ಕೋಣೆ, ಊಟದ ಜಾಗ, ತಾಯಿಯವರ ಕೋಣೆ ಮತ್ತು ಬಚ್ಚಲು ಎಲ್ಲವೂ ಹೊಸ್ತಿಲಿನ ಎತ್ತರವೂ ಇಲ್ಲದಂತೆ ಒಂದೇ ಸಮನೆಲದಲ್ಲಿರಲಿ. ಇಳಿಯುವುದೆಲ್ಲ ನಿಮ್ಮ ಮತ್ತು ಮಕ್ಕಳ ಕೋಣೆಗಳಿಗಿರಲಿ. ಮೇಲಿನ ಭಾಗಕ್ಕೆ ಸೂರಿನ ಬಿಸಿ ನೇರವಾಗಿ ತಾಕುವುದರಿಂದ ಪಾಷಾಣದ ಓದುಗರಿಗೆ ಹೇಳಿದ ಸೂರಿನ ಹೊದಿಕೆ ನಿಮಗೆ ಇನ್ನೂ ಅಗತ್ಯ. ಹಣ ಕಡಿಮೆ ಬಿದ್ದರೆ ತಾಯಿಯವರ ಕೋಣೆಯ ಮೇಲಾದರೂ ಮೊದಲು ಹಾಕಿಸಿ. ವಯಸ್ಸಾದವರಿಗೆ ಬೇಸಿಗೆಯ ಸೆಕೆಯಷ್ಟೇ ಗುಡ್ಡದ ಚಳಿಗಾಲದ ಬೆಳಗೂ ಕಷ್ಟ, ಆದ್ದರಿಂದ ಅವರ ಕೋಣೆಗೆ ದಕ್ಷಿಣದ ಕಿಟಕಿ ಕೊಡಿ. ಕಿಟಕಿಯ ಕಟ್ಟೆ ನೆಲದಿಂದ ಎರಡು ಅಡಿಗಿಂತ ಎತ್ತರವಿರದಿದ್ದರೆ, ಮಂಚದ ಮೇಲೆ ಕುಳಿತೇ ಹೊರಗೆ ಯಾರು ಬಂದರು, ಯಾರು ಹೋದರು ಎಂಬುದು ಕಾಣುತ್ತದೆ. ಬೆಳಗಾವಿಯ ಮನೆಯ ಕಟ್ಟೆಯಲ್ಲಿ ಕುಳಿತು ಅಭ್ಯಾಸವಾದವರಿಗೆ ಅದು ಸಣ್ಣ ವಿಷಯವಲ್ಲ.

ತೋಟಕ್ಕೆ ಇಳಿಯುವ ದಾರಿಯನ್ನು ಹನ್ನೆರಡು ಅಡಿಗೆ ಒಂದು ಅಡಿ ಇಳಿಯುವಂತೆ ಹಾವಿನ ನಡೆಯಲ್ಲಿ ತಿರುಗಿಸಿ ಮಾಡಿಸಿ, ಪ್ರತಿ ತಿರುವಿನಲ್ಲೂ ಒಂದು ಕಲ್ಲಿನ ಆಸನ ಇಡಿಸಿ. ಎರಡೂ ಬದಿಗೆ ಹಿಡಿಗಂಬಿ ಬೇಕು, ಅದು ಮರದ್ದಾಗಿರಲಿ. ಸ್ಟೀಲಿನದು ಹನ್ನೊಂದು ಗಂಟೆಯ ಬಿಸಿಲಿಗೇ ಕಾದು, ಹಿಡಿಯಬೇಕಾದಾಗ ಅವರು ಕೈ ಹಿಂದೆಗೆಯುತ್ತಾರೆ.